ಓದುಗರ ಪ್ರಶ್ನೆ: ನಿಯಂತ್ರಕ ಒಂದು ಹೇಳಿ, ಯಂತ್ರ ಇನ್ನೊಂದು ಹೇಳಿದರೆ?

ಪ್ರಶ್ನೆ: ವಿಮಾನಗಳ ನಡುವಿನ ಅಂತರವನ್ನು ಲೆಕ್ಕಹಾಕುವುದೂ ಡಿಕ್ಕಿಯ ಸಂಭವವನ್ನು ಗುರುತಿಸುವುದೂ ಈಗ ಕಂಪ್ಯೂಟರಿನ ಕೆಲಸವಾಗಿದೆ. ಹೀಗಿರುವಾಗ ವಾಯು ಸಂಚಾರ ನಿಯಂತ್ರಕರು ತಮ್ಮ ತೀರ್ಮಾನಗಳಿಗೆ ಯಂತ್ರವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು? ಇಬ್ಬರ ಆದೇಶಗಳೂ ಬೇರೆ ಬೇರೆಯಾದರೆ ಪೈಲಟ್ ಯಾರ ಮಾತನ್ನು ಕೇಳಬೇಕು?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಡಿಕ್ಕಿ ತಪ್ಪಿಸಲೆಂದು ವಿಮಾನದೊಳಗೇ ಅಳವಡಿಸಿರುವ ಟಿಕ್ಯಾಸ್ ಎಂಬ ಉಪಕರಣವು 'ಮೇಲೇರಿ' ಅಥವಾ 'ಇಳಿಯಿರಿ' ಎಂದು ಸೂಚಿಸಿದರೆ, ನಿಯಂತ್ರಕರ ಆದೇಶ ಅದಕ್ಕೆ ವಿರುದ್ಧವಾಗಿದ್ದರೂ ಪೈಲಟ್ ಉಪಕರಣವನ್ನೇ ಅನುಸರಿಸಬೇಕು. ಈ ಸ್ಪಷ್ಟತೆಗೆ ಭಾರಿ ಬೆಲೆ ತೆರಬೇಕಾಯಿತು. 2002ರ ಜುಲೈ 1ರ ರಾತ್ರಿ, ಜರ್ಮನಿಯ ಯೂಬರ್ಲಿಂಗನ್ ಪಟ್ಟಣದ ಮೇಲೆ, ರಷ್ಯಾದ ಟುಪೊಲೆವ್ ಪ್ರಯಾಣಿಕ ವಿಮಾನವೂ ಡಿಎಚ್‌ಎಲ್ ಸಂಸ್ಥೆಯ ಬೋಯಿಂಗ್ ಸರಕು ವಿಮಾನವೂ ಒಂದೇ ಎತ್ತರದಲ್ಲಿ ಪರಸ್ಪರ ಹತ್ತಿರವಾಗುತ್ತಿದ್ದವು. ಆ ಭಾಗದ ಆಕಾಶವನ್ನು ನೋಡಿಕೊಳ್ಳುತ್ತಿದ್ದ, ಸ್ವಿಟ್ಜರ್ಲೆಂಡಿನ ಝೂರಿಕ್‌ನ ನಿಯಂತ್ರಕರು ಟುಪೊಲೆವ್‌ಗೆ ಇಳಿಯಲು ಹೇಳಿದರು. ಕೆಲವೇ ಕ್ಷಣಗಳಲ್ಲಿ ಅದರ ಟಿಕ್ಯಾಸ್ ಏರಲು ಹೇಳಿತು. ಬೋಯಿಂಗ್‌ನ ಟಿಕ್ಯಾಸ್ ತನ್ನ ಪೈಲಟ್‌ಗಳಿಗೆ ಇಳಿಯಲು ಹೇಳಿತು. ಒಂದು ವಿಮಾನ ಮನುಷ್ಯನ ಮಾತು ಕೇಳಿ, ಇನ್ನೊಂದು ಯಂತ್ರದ ಮಾತು ಕೇಳಿ, ಎರಡೂ ಕೆಳಗಿಳಿದವು. 71 ಮಂದಿ ಸತ್ತರು.

ಯಂತ್ರದ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ರಾತ್ರಿ ನೆಲದ ಮೇಲಿನ ಮುಖ್ಯ ರೇಡಾರ್ ವ್ಯವಸ್ಥೆಯ ಮೇಲೆ ನಿರ್ವಹಣಾ ಕೆಲಸ ನಡೆಯುತ್ತಿತ್ತು; ಅದರಿಂದಾಗಿ ಪರದೆಯ ಮೇಲೆ ಮೂಡಬೇಕಿದ್ದ ಡಿಕ್ಕಿಯ ಎಚ್ಚರಿಕೆ ಮೂಡಲಿಲ್ಲ. ಯಾವ ಯಾವ ಸೌಲಭ್ಯಗಳು ಇಲ್ಲವಾಗಿವೆ ಎಂಬುದು ಪಾಳಿಯಲ್ಲಿದ್ದವರಿಗೆ ಸರಿಯಾಗಿ ತಿಳಿದಿರಲಿಲ್ಲ. ಫೋನ್ ಸಂಪರ್ಕವೂ ಕೈಕೊಟ್ಟಿದ್ದರಿಂದ, ಅಪಾಯವನ್ನು ಕಂಡ ನೆರೆಯ ಕೇಂದ್ರದವರಿಗೆ ಝೂರಿಕ್ಕನ್ನು ಎಚ್ಚರಿಸಲಾಗಲಿಲ್ಲ. ಸಹೋದ್ಯೋಗಿ ವಿಶ್ರಾಂತಿಗೆ ತೆರಳಿದ್ದರಿಂದ ಒಬ್ಬರೇ ಎರಡು ಮೇಜುಗಳನ್ನು ನೋಡಿಕೊಳ್ಳುತ್ತಿದ್ದರು. ಯಂತ್ರ ಕೆಟ್ಟು ನಿಲ್ಲುವುದಕ್ಕಿಂತಲೂ, ಅದರ ಅರ್ಧ ಭಾಗ ನಿಂತಿರುವುದು ಅದನ್ನು ನೆಚ್ಚಿದವರಿಗೆ ಗೊತ್ತಿಲ್ಲದಿರುವುದೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ.

ಟಿಕ್ಯಾಸ್‌ಗೆ ಮೇಲುಗೈ ಕೊಟ್ಟಿರುವುದಕ್ಕೆ ಕಾರಣವಿದೆ. ನೆಲದ ರೇಡಾರ್ ಒಂದು ಸುತ್ತು ತಿರುಗಿ ಹೊಸ ಮಾಹಿತಿ ಕೊಡಲು ಹಲವು ಸೆಕೆಂಡುಗಳು ಬೇಕು, ಆದರೆ ಟಿಕ್ಯಾಸ್ ಪಕ್ಕದ ವಿಮಾನವನ್ನು ಸುಮಾರು ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಅಲ್ಲದೆ ಎರಡು ವಿಮಾನಗಳ ಉಪಕರಣಗಳು ತಮ್ಮತಮ್ಮಲ್ಲೇ ಸಮಾಲೋಚಿಸಿ, ಒಂದು ಏರಲು ಹೇಳಿದರೆ ಇನ್ನೊಂದು ಇಳಿಯಲು ಹೇಳುವಂತೆ ನೋಡಿಕೊಳ್ಳುತ್ತವೆ. ಆದರೆ ಅದರ ಅಧಿಕಾರ ಹೆಚ್ಚುಕಡಿಮೆ ಕೊನೆಯ ಅರ್ಧ ನಿಮಿಷಕ್ಕೆ ಸೀಮಿತ. ಹಿಂದೆ ಎಷ್ಟು ವಿಮಾನಗಳು ಸಾಲುಗಟ್ಟಿವೆ, ಮುಂದೆ ಮೋಡದ ಗೋಡೆ ಎದ್ದಿದೆಯೇ, ಯಾರಿಗೆ ಇಂಧನ ಕಡಿಮೆಯಿದೆ ಎಂಬುದು ಅದಕ್ಕೆ ತಿಳಿಯದು. ಆ ಅರ್ಧ ನಿಮಿಷದ ಸ್ಥಿತಿಯೇ ಬರದಂತೆ, ಹತ್ತು ಹದಿನೈದು ನಿಮಿಷ ಮೊದಲೇ ದಾರಿಗಳನ್ನು ಬಿಡಿಸಿಡುವುದು ನಿಯಂತ್ರಕರ ಕೆಲಸ. ಅಲ್ಲಿ ಕಂಪ್ಯೂಟರಿನ ಮುನ್ಸೂಚನೆ ಸಲಹೆಯಷ್ಟೇ. ಒಪ್ಪುವ ಮುನ್ನ ನಿಯಂತ್ರಕರು ತಮ್ಮ ಮನಸ್ಸಿನಲ್ಲಿರುವ ಚಿತ್ರದೊಂದಿಗೆ ಅದನ್ನು ತಾಳೆ ನೋಡಬೇಕು.

ಪ್ರಶ್ನೆ: ಎಚ್ಚರಿಕೆ ಕೊಡುವ ವ್ಯವಸ್ಥೆಗಳಿದ್ದರೂ ಅಪಘಾತಗಳೇಕೆ ಆಗುತ್ತವೆ?

ಉತ್ತರ: ಎಚ್ಚರಿಕೆ ಮೂಡುವುದು ಒಂದು, ಅದು ಮನುಷ್ಯನನ್ನು ತಲುಪುವುದು ಇನ್ನೊಂದು. 2024ರ ಜನವರಿ 2ರಂದು ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಕರಾವಳಿ ರಕ್ಷಣಾ ಪಡೆಯ ವಿಮಾನವೊಂದು ರನ್‌ವೇ ಮೇಲೆ ನಿಂತಿದ್ದಾಗ, ಅದನ್ನು ತೋರಿಸುವ ಸಂಕೇತ ನಿಯಂತ್ರಕರ ಪರದೆಯ ಮೇಲೆ ಸುಮಾರು ಒಂದು ನಿಮಿಷ ಕಾಣುತ್ತಿತ್ತು. ಅದಕ್ಕೆ ಶಬ್ದವಿರಲಿಲ್ಲ, ನಿಯಂತ್ರಕರು ಗಮನಿಸಲಿಲ್ಲ. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಡಿಕ್ಕಿ ಹೊಡೆಯಿತು. ಉರಿಯುತ್ತಿದ್ದ ಆ ವಿಮಾನದ 379 ಮಂದಿಯೂ ಪಾರಾದರು, ಆದರೆ ಕರಾವಳಿ ಪಡೆಯ ಆರು ಮಂದಿಯಲ್ಲಿ ಐವರು ಸತ್ತರು.

ಹಾಗಾದರೆ ಎಲ್ಲಕ್ಕೂ ಗಂಟೆ ಬಾರಿಸಿದರಾಯಿತಲ್ಲ ಎನ್ನಬಹುದು. ಅದಕ್ಕೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ 1997ರಲ್ಲಿ ನಡೆದ ವಿಮಾನ ದುರಂತವನ್ನು ನೋಡಬೇಕು. ವಿಮಾನ ನೆಲಕ್ಕೆ ತೀರ ಸಮೀಪವಾದರೆ ನಿಯಂತ್ರಕರನ್ನು ಎಚ್ಚರಿಸುವ ವ್ಯವಸ್ಥೆ ಅಲ್ಲಿತ್ತು, ಆದರೆ ಹುಸಿ ಎಚ್ಚರಿಕೆಗಳ ಕಾಟ ತಾಳಲಾರದೆ ನಿಲ್ದಾಣದ ಸುತ್ತ 54 ನಾಟಿಕಲ್ ಮೈಲಿಯ ವ್ಯಾಪ್ತಿಯಲ್ಲಿ ಅದನ್ನು ತಡೆಹಿಡಿಯಲಾಗಿತ್ತು. ಕೊರಿಯನ್ ಏರ್ ವಿಮಾನ ಗುಡ್ಡಕ್ಕೆ ಬಡಿದು 228 ಮಂದಿ ಸತ್ತರು. ಮುಖ್ಯ ಕಾರಣ ಪೈಲಟ್‌ಗಳ ಲೋಪವೇ ಆಗಿದ್ದರೂ, ಎಚ್ಚರಿಕೆಯನ್ನು ತಡೆದದ್ದನ್ನೂ ತನಿಖೆ ಕಾರಣಗಳಲ್ಲಿ ಸೇರಿಸಿತು. ಪದೇ ಪದೇ ಸುಳ್ಳು ಕೂಗುವ ಯಂತ್ರದ ಬಾಯಿಯನ್ನು ಮನುಷ್ಯ ಮುಚ್ಚಿಸಿಯೇ ತೀರುತ್ತಾನೆ. ಆದ್ದರಿಂದ ಹುಸಿ ಎಚ್ಚರಿಕೆಯನ್ನು ಕಡಿಮೆ ಮಾಡುವುದು ಸುರಕ್ಷತೆಯದೇ ಕೆಲಸ.

ಪ್ರಶ್ನೆ: ಮುಂದೆ ನಿಯಂತ್ರಕರೇ ಬೇಡವಾಗುವರೇ?

ಉತ್ತರ: ಸದ್ಯಕ್ಕೆ ಹಾಗೆ ಕಾಣುವುದಿಲ್ಲ. 2023ರ ಆಗಸ್ಟ್ 28ರಂದು ಬ್ರಿಟನ್ನಿನಲ್ಲಿ ಒಂದೇ ಒಂದು ಹಾರಾಟ ಯೋಜನೆಯಲ್ಲಿ (ವಿಮಾನ ಸಾಗಲಿರುವ ದಾರಿಯ ವಿವರದಲ್ಲಿ), ಸಾವಿರಾರು ಮೈಲಿ ದೂರವಿರುವ ಎರಡು ಸ್ಥಾನಗಳಿಗೆ ಒಂದೇ ಸಂಕೇತನಾಮವಿದ್ದದ್ದು ಕಂಪ್ಯೂಟರನ್ನು ಗೊಂದಲಕ್ಕೀಡುಮಾಡಿತು. ಮುಖ್ಯ ವ್ಯವಸ್ಥೆ ನಿಂತಿತು. ಅದೇ ತಂತ್ರಾಂಶವಿದ್ದ ಬದಲಿ ವ್ಯವಸ್ಥೆಯೂ ಅದೇ ಯೋಜನೆಯನ್ನು ಓದಿ ಸೆಕೆಂಡುಗಳಲ್ಲಿ ನಿಂತಿತು. ಯೋಜನೆಗಳನ್ನು ಕೈಯಿಂದಲೇ ದಾಖಲಿಸಬೇಕಾಗಿ ಬಂದು ಸಂಚಾರವನ್ನು ಬಹಳ ಕಡಿಮೆ ಮಾಡಲಾಯಿತು. ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತಾದರೂ ಆಕಾಶದಲ್ಲಿದ್ದ ವಿಮಾನಗಳು ಸುರಕ್ಷಿತವಾಗಿದ್ದವು. ಇಂಥ ದಿನ ಕೆಲಸ ನಿಭಾಯಿಸುವ ಕೌಶಲ ಪರದೆಯನ್ನು ನೋಡುತ್ತ ಕುಳಿತರೆ ಉಳಿಯುವುದಿಲ್ಲ. ವ್ಯವಸ್ಥೆ ಕೈಕೊಟ್ಟಾಗ ಮಾಡಬೇಕಾದದ್ದನ್ನು ಸಿಮ್ಯುಲೇಟರ್‌ನಲ್ಲಿ ಆಗಾಗ ಅಭ್ಯಾಸ ಮಾಡಿಸಬೇಕು. ಪಾಳಿಯ ಸಿಬ್ಬಂದಿಯ ಸಂಖ್ಯೆಯನ್ನು ನಿಗದಿಪಡಿಸುವಾಗಲೂ ಎಲ್ಲ ಸರಿಯಿರುವ ದಿನವನ್ನಲ್ಲ, ಅಂಥ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು.