ನಾಲಿಗೆ ಬೆಳ್ಳಗಾಗಿದ್ದಕ್ಕೆ ಇಡ್ಲಿ ಬಿಡಬೇಕಾ?

ಇಡ್ಲಿ, ದೋಸೆ, ಮೊಸರು, ಹಣ್ಣು ಬಿಟ್ಟರೂ ನಾಲಿಗೆ ಮೇಲೆ ಬಿಳಿ ಪದರ ಮತ್ತೆ ಬರ್ತಿದೆ ಅಂದಿದ್ದೀರಿ. ಕಾರಣ ಊಟಕ್ಕಿಂತ ನೀವು ಎರಡು ಹೊತ್ತು ತಗೊಳ್ಳುವ ಬ್ಯುಡೆಸೊನೈಡ್ ಇನ್ಹೇಲರ್ ಇರಬಹುದು. ಅದು ಸ್ಟೀರಾಯ್ಡ್. ಬಾಯಲ್ಲಿ ಉಳಿದರೆ ಕ್ಯಾಂಡಿಡಾ ಅನ್ನೋ ಯೀಸ್ಟ್ (ಒಂದು ಥರದ ಶಿಲೀಂಧ್ರ) ಹೆಚ್ಚಬಹುದು, ಬಿಳಿ ಪದರ ಅದೇ. ನಮ್ಮ ಅಮ್ಮನಿಗೂ ಇದೇ ಆಗಿತ್ತು.

ಮೊದಲು, ಪ್ರತಿ ಸಲ ಇನ್ಹೇಲರ್ ಆದ ಕೂಡಲೇ ಬಾಯಿ ಮುಕ್ಕಳಿಸಿ, ಗಂಟಲವರೆಗೂ ಗಾರ್ಗಲ್ ಮಾಡಿ ಉಗುಳಿ. ಹಲ್ಲುಜ್ಜುವ ಮುಂಚೆ ತಗೊಂಡರೆ ಮರೆಯುವುದಿಲ್ಲ. ಪಂಪ್ ಥರದ್ದಾದರೆ ಸ್ಪೇಸರ್ (ಇನ್ಹೇಲರ್‌ಗೂ ಬಾಯಿಗೂ ನಡುವೆ ಹಾಕುವ ಕೊಳವೆ) ಹಾಕಿಕೊಳ್ಳಿ, ಪುಡಿಯದ್ದಕ್ಕೆ ಅದು ಬೇಡ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಿ. ಇನ್ಹೇಲರ್ ಮಾತ್ರ ನೀವಾಗೇ ನಿಲ್ಲಿಸಬೇಡಿ.

ಆಮೇಲೆ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಮೌತ್ ಪೇಂಟ್ (ಬಾಯಿಗೆ ಹಚ್ಚುವ ಶಿಲೀಂಧ್ರದ ಔಷಧಿ) ಕೊಡುತ್ತಾರೆ. ಬಿಳಿ ಹೋಯ್ತು ಅಂತ ಮಧ್ಯದಲ್ಲೇ ಬಿಡಬೇಡಿ. ಜೊತೆಗೆ ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ (HbA1c) ಮಾಡಿಸಿ, ಶುಗರ್ ಜಾಸ್ತಿ ಇದ್ದರೂ ಇದು ಮರುಕಳಿಸುತ್ತದೆ.

ಇಡ್ಲಿ, ಮೊಸರು, ಹಣ್ಣು ಬಿಟ್ಟರೆ ಯೀಸ್ಟ್ ಹೋಗುತ್ತೆ ಅನ್ನುವ ಡಯಟ್‌ಗೆ ಗಟ್ಟಿ ಪುರಾವೆ ಇಲ್ಲ. ಇಡ್ಲಿ ಹಿಟ್ಟು ಹುಳಿ ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ, ಅದೂ ಹಬೆಯಲ್ಲಿ ಸಾಯುತ್ತದೆ. ಸುಮ್ನೆ ಬಿಟ್ಟಿದ್ದೀರಿ, ತಿನ್ನಿ. ಮೊಸರೂ ಆಗಬಹುದು. ಸಿಹಿ, ಸಕ್ಕರೆ ಕಾಫಿ ಕಡಿಮೆ ಮಾಡಿದರೆ ಸಾಕು.

ನುಂಗುವಾಗ ನೋವಿದ್ದರೆ ಇದನ್ನೆಲ್ಲ ಮಾಡಿ ನೋಡೋಣ ಅಂತ ಕಾಯಬೇಡಿ, ನಾಳೆಯೇ ಡಾಕ್ಟರ ಹತ್ತಿರ ಹೋಗಿ.