ಒಂದೊಂದೇ ತೋಟಾ ಹಾಕುವ ಹಳೇ ರೈಫಲ್‌ನಲ್ಲಿ 1000 ಗಜ ದೂರದ ಗುರಿ ಹೊಡೆಯೋಕೆ ನಿಜಕ್ಕೂ ಆಗುತ್ತಾ?

ಆಗುತ್ತದೆ, ಅದೂ ಟೆಲಿಸ್ಕೋಪ್ ಇಲ್ಲದೆ. 1874ರಲ್ಲೇ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ ಅಮೆರಿಕ ಮತ್ತು ಐರ್ಲೆಂಡ್ ತಂಡಗಳು 800, 900, 1000 ಗಜದಲ್ಲಿ ಸ್ಪರ್ಧಿಸಿದ್ದವು. ಐರಿಷರದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್, ಅಮೆರಿಕದವರದ್ದು ಹಿಂದಿನಿಂದ ತೋಟಾ ಹಾಕುವ ಶಾರ್ಪ್ಸ್ ಮತ್ತು ರೆಮಿಂಗ್ಟನ್. ಅಮೆರಿಕ 934-931ರಲ್ಲಿ ಗೆದ್ದಿತು. ಐರಿಷ್ ತಂಡದ ಒಬ್ಬರು ತಪ್ಪಿ ಪಕ್ಕದ ಗುರಿಯ ನಟ್ಟನಡುವೆ ಹೊಡೆದು ಸೊನ್ನೆ ಪಡೆದಿದ್ದರು, ಆ 4 ಅಂಕ ಸಿಕ್ಕಿದ್ದರೆ ಗೆಲುವು ಐರ್ಲೆಂಡಿನದೇ.

ಕಷ್ಟ ಇರುವುದು ವೇಗದಲ್ಲಿ. ಕರಿಮದ್ದಿನಿಂದ (ಹಳೇ ಕಾಲದ ಸಿಡಿಮದ್ದು) ಹಾರುವ ದಪ್ಪ ಸೀಸದ ಗುಂಡು ಹೊರಡುವುದೇ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ, ಹೋಗ್ತಾ ಇನ್ನೂ ನಿಧಾನವಾಗುತ್ತದೆ, 1000 ಗಜ ಮುಟ್ಟೋಕೆ 3 ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟರಲ್ಲಿ ಗುಂಡು ಹತ್ತಾರು ಮೀಟರ್ ಕೆಳಗಿಳಿಯುತ್ತದೆ, ಗಾಳಿ ಬೇರೆ ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೇ ರೈಫಲ್‌ನ ಹಿಂಭಾಗದಲ್ಲಿ ಗುರಿ ನೋಡೋಕೆ ಎತ್ತರದ ಸೈಟ್ ಇರುತ್ತದೆ, ಪಿಯುಸಿ ಲ್ಯಾಬಿನ ಕ್ಯಾಲಿಪರ್ಸ್‌ನಲ್ಲಿ ಇರುತ್ತಲ್ಲ, ಅದೇ ವರ್ನಿಯರ್ ಅಳತೆಯದು. ದೂರಕ್ಕೆ ತಕ್ಕಂತೆ ಕೂದಲೆಳೆಯಷ್ಟು ಏರಿಸಿ ಇಳಿಸಬಹುದು. ಇಳಿತ ಹೇಗೋ ಲೆಕ್ಕಕ್ಕೆ ಸಿಗುತ್ತದೆ, ಗಾಳಿ ಮಾತ್ರ ಕ್ಷಣಕ್ಕೊಂದು ಥರ. ನನ್ನ ಪ್ರಕಾರ ನಿಜವಾದ ಆಟ ಅದೇ.

ಇನ್ನೊಂದು ತಲೆನೋವು ಕಿಟ್ಟ. ಪ್ರತಿ ಸಲ ಹೊಡೆದಾಗಲೂ ನಳಿಗೆಯೊಳಗೆ ಕರಿ ಕಟ್ಟುತ್ತದೆ, ಅದು ಒಣಗಿ ಗಟ್ಟಿಯಾದರೆ ಮುಂದಿನ ಗುಂಡು ಎಲ್ಲೋ ಹೋಗುತ್ತದೆ. ಹಾಗಾಗಿ ತೋಟಾ ಕೂರುವ ಜಾಗಕ್ಕೆ ಸಣ್ಣ ಕೊಳವೆ ಇಟ್ಟು ನಾಲ್ಕೈದು ಸಲ ನಿಧಾನವಾಗಿ ಉಸಿರು ಊದುತ್ತಾರೆ. ಉಸಿರಿನ ತೇವಕ್ಕೆ ಕಿಟ್ಟ ಮೆತ್ತಗಾಗುತ್ತದೆ.