ಬೆರಳ ತುದಿ ಹೋಯಿತು, ಗಿಟಾರ್ ಬಿಡಬೇಕಾ?

ಪ್ರಶ್ನೆ: ಕಳೆದ ಕಾಫಿ ಕುಯ್ಲಿನಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟಿಗೆ ಸಿಕ್ಕಿ ನನ್ನ ಎಡಗೈ ಉಂಗುರ ಬೆರಳಿನ ತುದಿ ಹೋಯಿತು. ಗಾಯ ಮಾಗಿದೆ, ಆದರೆ ತಂತಿ ಒತ್ತಿದರೆ ಜೀವ ಹೋಗುತ್ತದೆ. ಆರು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೆ. ‘ಬ್ಲ್ಯಾಕ್ ಸಬಾತ್ ಅನ್ನೋ ರಾಕ್ ಬ್ಯಾಂಡಿನ ಗಿಟಾರಿಸ್ಟ್‌ಗೂ ಹೀಗೇ ಆಗಿತ್ತು, ಅವರ ಎರಡನೇ ಆಲ್ಬಂ ಕೇಳು’ ಅಂತಾರೆ ಗೆಳೆಯರು. ನಿಜವಾ, ಸುಮ್ನೆ ಸಮಾಧಾನಕ್ಕೆ ಹೇಳೋದಾ?
– ಹೆಸರು ಬೇಡ, ಸೋಮವಾರಪೇಟೆ

ಉತ್ತರ: ನಿಜ. ನಿಮ್ಮ ಪತ್ರ ಎರಡು ಸಲ ಓದಿದೆ. ಮಡಿಕೇರಿಯಲ್ಲಿ ಇಪ್ಪತ್ತು ವರ್ಷದಿಂದ ಗಿಟಾರ್ ಹೇಳಿಕೊಡುತ್ತಿದ್ದೇನೆ. ಕೈಗೆ ಏಟು ಮಾಡಿಕೊಂಡವರು ಬಂದರೆ ನಾನೂ ಮೊದಲು ಹಾಕಿ ಕೇಳಿಸುವುದು ಆ ಆಲ್ಬಮ್ಮನ್ನೇ.

ಅವರ ಹೆಸರು ಟೋನಿ ಐಯೋಮಿ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ತಗಡಿನ ಕಾರ್ಖಾನೆಯಲ್ಲಿ ಕೆಲಸ. 17ನೇ ವಯಸ್ಸಿನಲ್ಲಿ, ಕೆಲಸ ಬಿಡಬೇಕಿದ್ದ ಕೊನೇ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರ ಬೆರಳು ಎರಡರ ತುದಿಯೂ ಹೋಯಿತು. ಅವರು ಎಡಚರು. ಹಾಗಾಗಿ ತಂತಿ ಒತ್ತುವ ಕೈಯೇ ಅದು! ಎಲ್ಲ ಮುಗಿಯಿತು ಅಂತ ಕೂತಿದ್ದಾಗ ಕಾರ್ಖಾನೆಯ ಮೇಲಿನವರೊಬ್ಬರು ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಮಡಚಿಹೋದ ಮೇಲೂ ನುಡಿಸಿದ ದೊಡ್ಡ ವಾದಕ ಆತ. ಐಯೋಮಿ ಮನೆಯಲ್ಲಿದ್ದ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು. ಉಜ್ಜಿ ಉಜ್ಜಿ ನಯ ಮಾಡಿದರು. ತಂತಿ ಜಾರದಿರಲಿ ಅಂತ ಮೇಲೆ ಚರ್ಮದ ಚೂರು ಅಂಟಿಸಿದರು. ದಪ್ಪ ತಂತಿ ತೆಗೆದು ತೆಳುವಾದದ್ದು ಹಾಕಿದರು.

ನಿಮ್ಮ ಗೆಳೆಯರು ಹೇಳಿದ ಆ ಎರಡನೇ ಆಲ್ಬಂ, ‘ಪ್ಯಾರನಾಯ್ಡ್’, ಬಂದದ್ದು ಆ ಕೈಯಿಂದಲೇ. 1970ರ ಸೆಪ್ಟೆಂಬರ್, ಮೊದಲ ಆಲ್ಬಂ ಬಂದು ಏಳೇ ತಿಂಗಳಿಗೆ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, ಆಲ್ಬಮ್ಮಿನಲ್ಲಿ ಇನ್ನೂ ಮೂರು ನಿಮಿಷ ತುಂಬಬೇಕು ಅಂದಾಗ ಸ್ಟುಡಿಯೋದಲ್ಲೇ ಕೂತು ಕಟ್ಟಿದ್ದು. ನನ್ನ ಬಳಿ ಇದ್ದ ಕ್ಯಾಸೆಟ್‌ಗೆ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಒಲೆ ಪಕ್ಕ ಕೂತು, ಪೆನ್ಸಿಲ್ ತೂರಿಸಿ ತಿರುಗಿಸುತ್ತಾ, ಹಳೇ ಬನಿಯನ್ ತುಂಡಿನಲ್ಲಿ ಇಡೀ ಟೇಪು ಒರೆಸಿದ್ದೆ. ಹಾಡುವ ದನಿ ಮಂಕಾಯಿತು. ಗಿಟಾರಿನ ಗುಡುಗು ಹಾಗೇ ಉಳಿಯಿತು.

ಆ ಆಲ್ಬಮ್ಮಿನ ‘ಐರನ್ ಮ್ಯಾನ್’ ಹಾಡು ಹಾಕಿ. ಶುರುವಿನ ಆ ಭಾರದ ನಡಿಗೆ ಪೂರ್ತಿ ಪವರ್ ಕಾರ್ಡ್, ಅಂದರೆ ಎರಡು ಸ್ವರ ಒಟ್ಟಿಗೆ ನುಡಿಸುವುದು. ಅದಕ್ಕೆ ಎರಡು ಬೆರಳು ಸಾಕು. ಎಲ್ಲರೂ ತೋರುಬೆರಳು, ಉಂಗುರ ಬೆರಳು ಇಡುತ್ತಾರೆ. ನೀವು ಉಂಗುರ ಬೆರಳಿನ ಬದಲು ಕಿರುಬೆರಳು ಇಡಿ. ಮೊದಲ ಎರಡು ವಾರ ಅದು ಮಾತೇ ಕೇಳುವುದಿಲ್ಲ, ಆಮೇಲೆ ದಾರಿಗೆ ಬರುತ್ತದೆ. ಅಕೂಸ್ಟಿಕ್ ಸದ್ಯಕ್ಕೆ ಬದಿಗಿಡಿ. ಎಲೆಕ್ಟ್ರಿಕ್‌ಗೆ ನೈನ್ ಗೇಜ್ ಅನ್ನುವ ತೆಳು ತಂತಿ ಹಾಕಿಸಿ, ಅದಕ್ಕೆ ಜಾಸ್ತಿ ಒತ್ತು ಬೇಡ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ. ನಮ್ಮ ಮಳೆಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ತಂತಿ ನಿಮ್ಮ ಎಳೇ ಚರ್ಮಕ್ಕೆ ಒಳ್ಳೆಯದಲ್ಲ. ಬೆರಳಿಗೆ ಸಿಲಿಕೋನ್ ಟೊಪ್ಪಿಗೆ ಹಾಕುವ ಮುಂಚೆ ಮಾತ್ರ ಡಾಕ್ಟರಿಗೆ ಒಮ್ಮೆ ತೋರಿಸಿ. ತುದಿಯಲ್ಲಿ ನರ ಕೆರಳಿದ್ದರೂ ಹಾಗೆ ಜೀವ ಹೋಗುವಷ್ಟು ನೋಯುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಸಹಿಸಿಕೊಂಡು ಕೂರಬೇಡಿ.

ಸದ್ಯಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಕಿರುಬೆರಳು ಎಲ್ಲಿಗೆ ಬಂತು ಅಂತ ತಿಂಗಳು ಬಿಟ್ಟು ನನಗೆ ಬರೆಯಿರಿ.